ಸಿಂಹದ ಕಣ್ಣಲ್ಲಿ ಒಂದು ಉಪದೇಶ

ಎಡ್ವರ್ಡ್ ಹಿಕ್ಸ್ (1780–1849) ಅಮೆರಿಕದ ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಯವನು. ಚಿತ್ರಕಲಾ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಹದಿಮೂರನೆಯ ವಯಸ್ಸಿಗೇ ಸಾರೋಟು ಮಾಡುವವರ ಬಳಿ ಕೆಲಸಕ್ಕೆ ಸೇರಿ, ಗಾಡಿಗಳಿಗೆ ಬಣ್ಣ ಬಳಿದು, ಅಂಗಡಿ ಬೋರ್ಡು ಬರೆದು ಕೈ ಪಳಗಿಸಿಕೊಂಡ. ತಾಯಿಯಿಲ್ಲದ ಮಗುವಾಗಿದ್ದಾಗ ಅವನನ್ನು ಸಾಕಿದ್ದು ಟ್ವೈನಿಂಗ್ ಎಂಬ ಕ್ವೇಕರ್ ಕುಟುಂಬ. 1803ರಲ್ಲಿ ಅವನೂ ಕ್ವೇಕರ್ ಸಭೆ ಸೇರಿದ, ಮುಂದೆ ಉಪದೇಶಕನೂ ಆದ.

ಇಕ್ಕಟ್ಟು ಶುರುವಾದದ್ದು ಅಲ್ಲಿಂದಲೇ. ಕ್ವೇಕರರದು ಸರಳತೆಯ ಕ್ರೈಸ್ತ ಪಂಥ. ಅವರ ಪ್ರಾರ್ಥನಾ ಮಂದಿರದಲ್ಲಿ ಚಿತ್ರವಿಲ್ಲ, ಮೂರ್ತಿಯಿಲ್ಲ. ಆಗ ಉಪದೇಶಕನಿಗೆ ಸಂಬಳವೂ ಇರಲಿಲ್ಲ. ಹಾಗಾಗಿ ಹೊಟ್ಟೆಪಾಡಿಗೆ ಕುಂಚ ಬೇಕು. ಕುಂಚ ಹಿಡಿದು ಅಲಂಕಾರಕ್ಕೆ ಇಳಿದರೆ ಸಭೆಯವರ ಅಸಮಾಧಾನ. ಚಿತ್ರ ಬಿಟ್ಟು ಬೇಸಾಯಕ್ಕೆ ಕೈಹಾಕಿದ, ಸಾಲ ಬೆಳೆಯಿತು, ಮತ್ತೆ ಬಣ್ಣಕ್ಕೇ ಮರಳಿದ.

ಮರಳಿದವನು ಉಪದೇಶವನ್ನೇ ಚಿತ್ರವಾಗಿ ಬರೆಯತೊಡಗಿದ. ಬೈಬಲಿನ ಯೆಶಾಯ ಗ್ರಂಥದ 11ನೆಯ ಅಧ್ಯಾಯದಲ್ಲಿ ತೋಳ ಕುರಿಮರಿಯ ಜೊತೆ ಇರುತ್ತದೆ, ಸಿಂಹ ಎತ್ತಿನಂತೆ ಹುಲ್ಲು ಮೇಯುತ್ತದೆ, ಪುಟ್ಟ ಮಗು ಅವನ್ನೆಲ್ಲ ನಡೆಸುತ್ತದೆ. ಈ ಒಂದೇ ವಸ್ತುವನ್ನು ಅವನು ಸುಮಾರು 1820ರಿಂದ ಸಾಯುವವರೆಗೂ ಬರೆದ. ‘ಶಾಂತಿಯ ರಾಜ್ಯ’ ಎಂದು ಹೆಸರಾದ ಈ ಮಾಲೆಯ ಅರವತ್ತಕ್ಕೂ ಹೆಚ್ಚು ಚಿತ್ರಗಳು ಇಂದು ಗೊತ್ತಿವೆ. ಮೊದಮೊದಲ ಕೆಲವಕ್ಕೆ ನಾಲ್ಕೂ ಅಂಚಿನಲ್ಲಿ ಪದ್ಯ ಬರೆದಿದ್ದಾನೆ. ಆ ದುಂಡನೆಯ, ಅಳತೆ ತಪ್ಪದ ಅಕ್ಷರಗಳಲ್ಲಿ ಬೋರ್ಡು ಬರೆಯುವವನ ಕೈ ಎದ್ದು ಕಾಣುತ್ತದೆ. ಬಹಳಷ್ಟು ಚಿತ್ರಗಳ ಹಿನ್ನೆಲೆಯಲ್ಲಿ ಪುಟ್ಟದಾಗಿ ಇನ್ನೊಂದು ದೃಶ್ಯವಿದೆ: ಕ್ವೇಕರನಾದ ವಿಲಿಯಂ ಪೆನ್ ಲೆನಾಪೆ ಮೂಲನಿವಾಸಿಗಳೊಡನೆ ಮಾಡಿಕೊಂಡ ಒಪ್ಪಂದ. ಬೆಂಜಮಿನ್ ವೆಸ್ಟ್‌ನ ಪ್ರಸಿದ್ಧ ಚಿತ್ರವೇ ಅದಕ್ಕೆ ಆಧಾರ. ಪ್ರವಾದಿ ನುಡಿದ ಶಾಂತಿ ತನ್ನ ನೆಲದಲ್ಲೇ ಒಮ್ಮೆ ನಡೆದದ್ದು ಎಂಬ ನಂಬಿಕೆ ಅದರಲ್ಲಿದೆ.

ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಪ್ರಾಣಿಗಳ ಮುಖ. 1827ರಲ್ಲಿ ಕ್ವೇಕರ್ ಸಮಾಜ ಒಡೆಯಿತು. ಒಂದು ಬಣದ ಮುಂದಾಳು ಎಲಿಯಾಸ್ ಹಿಕ್ಸ್ ಇವನ ಬಂಧು. ಎಡ್ವರ್ಡ್ ನಿಂತದ್ದು ಆ ಕಡೆಗೇ. ಒಡಕಿನ ನಂತರದ ಚಿತ್ರಗಳಲ್ಲಿ ಸಿಂಹ ಕಣ್ಣರಳಿಸಿ ನೇರ ನಮ್ಮನ್ನೇ ನೋಡುತ್ತದೆ. ಹಸಿವನ್ನು ಹಲ್ಲುಕಚ್ಚಿ ತಡೆದುಕೊಂಡವನ ನೋಟ ಅದು. 1837ರಲ್ಲಿ ವರ್ಜೀನಿಯಾದ ಗೂಸ್ ಕ್ರೀಕ್‌ನಲ್ಲಿ ಎಡ್ವರ್ಡ್ ಮಾಡಿದ ಉಪದೇಶದಲ್ಲಿ ಇದರ ಕೀಲಿ ಸಿಗುತ್ತದೆ: ಮನುಷ್ಯನೊಳಗಿನ ತೋಳ ಖಿನ್ನತೆಯ, ಚಿರತೆ ಚಾಪಲ್ಯದ, ಕರಡಿ ಜಡತೆಯ, ಸಿಂಹ ಕೋಪ ಮತ್ತು ಹಮ್ಮಿನ ಸ್ವಭಾವ. ‘ನಾನು’ ಎಂಬುದನ್ನು ಬಿಟ್ಟುಕೊಟ್ಟು ಒಳಗಿನ ಬೆಳಕಿಗೆ ತಲೆಬಾಗುವುದು ಕ್ವೇಕರರ ಸಾಧನೆ. ಸಿಂಹಕ್ಕೆ ಹುಲ್ಲು ತಿನ್ನಿಸುವುದೆಂದರೆ ಅದೇ. ಮುಂದಿನ ವರ್ಷಗಳ ಸಿಂಹಗಳು ಮುಪ್ಪಾಗಿವೆ, ಬಳಲಿವೆ. ಆದರೂ ಹುಲ್ಲಿನ ಬಳಿಯಿಂದ ಎದ್ದಿಲ್ಲ.

ಅಂಗಾಂಗಗಳ ಅಳತೆ ತಪ್ಪಿದೆ, ದೂರ-ಹತ್ತಿರದ ಲೆಕ್ಕ ಸರಿಯಿಲ್ಲ ಎಂದು ಇವನ್ನು ಬದಿಗಿಡಬೇಡಿ. ಈ ಮಾಲೆಯ ಒಂದೇ ಚಿತ್ರ ನೋಡಿ ಸಾಕೆನ್ನಲೂ ಬೇಡಿ. 1820ರ ದಶಕದ್ದೊಂದು, 1840ರ ದಶಕದ್ದೊಂದು ಅಕ್ಕಪಕ್ಕ ಇಟ್ಟುಕೊಂಡು, ಮೊದಲು ಸಿಂಹದ ಕಣ್ಣನ್ನು ನೋಡಿ.