ಟ್ಯಾಂಕಿನ ಮಾದರಿಗೆ ತಕ್ಕ ಬಣ್ಣವನ್ನು ಆರಿಸುವ ಬಗೆ

ಕಳೆದ ಸ್ನೇಹ ಸಮ್ಮೇಲನದ ಪ್ರದರ್ಶನಕ್ಕೆಂದು ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ರಟ್ಟು, ತಗಡು, ನೂಲಿನ ಉರುಳೆಗಳನ್ನು ಕೂಡಿಸಿ ಸೆಂಚುರಿಯನ್ ಎಂಬ ಯುದ್ಧ ಟ್ಯಾಂಕಿನ ಮಾದರಿಯನ್ನು ಮಾಡಿ ತಂದಳು. ಮಿಷನ್ ಶಾಲೆಯ ಹೆಣ್ಣುಮಕ್ಕಳಿಗೆ ಯುದ್ಧದ ಆಯುಧಗಳು ಏತಕ್ಕೆಂದು ಪಾಲಕರಲ್ಲಿ ಕೆಲವರು ಕೇಳಿದ್ದುಂಟು. ಮೊದಲು ನನಗೂ ಹಾಗೆಯೇ ಅನಿಸಿತು. ಆದರೆ ಆಕೆಯ ಅಜ್ಜನವರು 1971ರ ಯುದ್ಧದಲ್ಲಿ ಪಂಜಾಬದ ಗಡಿಯಲ್ಲಿ ಅದೇ ಜಾತಿಯ ಟ್ಯಾಂಕನ್ನು ನಡಿಸಿದವರು. ಮೊಮ್ಮಗಳು ಅದನ್ನು ಮಾಡಿದ್ದು ಅವರಿಗೋಸ್ಕರ ಎಂದು ತಿಳಿದ ಮೇಲೆ ನಾನು ಅಡ್ಡಿಮಾಡಲಿಲ್ಲ.

ಪ್ರದರ್ಶನದ ದಿನ ಹಿರಿಯರು ಬಂದು ಬಹಳ ಹೊತ್ತು ಅದನ್ನು ನೋಡಿದರು. ಆಮೇಲೆ ಮೆಲ್ಲಗೆ, “ಅಕ್ಕೋರ, ಆಕಾರ ಎಲ್ಲಾ ಬರೋಬ್ಬರಿ ಐತ್ರಿ. ಆದ್ರ ಇದು ನಮ್ಮ ಗಾಡಿ ಅಲ್ರಿ” ಎಂದರು. ಹುಡುಗಿಯ ಮೋರೆ ಬಾಡಿತು. ತಪ್ಪು ಬಣ್ಣದಲ್ಲಿತ್ತು; ಆ ತಪ್ಪು ನನ್ನದೇ. ಮುಚ್ಚಳದ ಮೇಲೆ ‘ಮಿಲಿಟರಿ ಹಸಿರು’ ಎಂದು ಬರೆದಿದ್ದ ಹೊಳಪಿನ ಎನಾಮೆಲ್ ಡಬ್ಬಿಯನ್ನು ಲಕ್ಷ್ಮೇಶ್ವರದಿಂದ ತರಿಸಿಕೊಟ್ಟವಳು ನಾನು. ಅಂದಿನಿಂದ ಈ ವಿಷಯವನ್ನು ತುಸು ಅಭ್ಯಾಸಮಾಡಿದೆನು. ತಿಳಿದದ್ದನ್ನು ಹಳೇ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಇಲ್ಲಿ ಅರಿಕೆಮಾಡುವೆನು. ಯಾಕಂದರೆ ಇಂಥ ಮಾದರಿಗಳನ್ನು ಮಾಡುವ ಮಕ್ಕಳು ನಿಮ್ಮ ಮನೆಗಳಲ್ಲಿಯೂ ಇದ್ದಾರು.

ಮೊಟ್ಟಮೊದಲು ತಿಳಿಯತಕ್ಕದ್ದೇನಂದರೆ, ‘ಮಿಲಿಟರಿ ಹಸಿರು’ ಎಂಬ ಒಂದೇ ಬಣ್ಣವು ಲೋಕದಲ್ಲಿ ಎಲ್ಲಿಯೂ ಇಲ್ಲ. ಸೈನ್ಯದವರು ಬಣ್ಣವನ್ನು ಅಂದಕ್ಕಾಗಿ ಬಳಿಯುವದಿಲ್ಲ. ನೆಲದೊಳಗೆ ಬೆರೆತು ಶತ್ರುವಿನ ಕಣ್ಣಿಗೆ ಬೀಳದಿರಲೆಂದು ಬಳಿಯುತ್ತಾರೆ. ‘ಖಾಕಿ’ ಎಂಬ ಪಾರಸಿ ಮೂಲದ ಮಾತಿಗೆ ಮಣ್ಣಿನದು, ಧೂಳಿನದು ಎಂದೇ ಅರ್ಥ. ಈ ಬಣ್ಣದ ಚರಿತ್ರೆಯಲ್ಲಿ ನಮ್ಮ ಕನ್ನಡ ನಾಡಿಗೂ ಒಂದು ಪಾಲುಂಟು. ಗದಗ-ಬೆಟಗೇರಿಯಲ್ಲಿಯೂ ಸೇವೆಮಾಡಿದ ಬಾಸೆಲ್ ಮಿಷನ್ನಿನವರ ಮಂಗಳೂರು ನೇಕಾರಿಕೆಯ ಕಾರಖಾನೆಗೆ 1851ರಲ್ಲಿ ಹಾಲರ್ ಎಂಬ ನೇಕಾರರು ಬಂದರು. ಅವರು ಅಲ್ಲಿ ಖಾಕಿ ಬಣ್ಣವನ್ನು ಸಿದ್ಧಪಡಿಸಿದರೆಂದು ಮಿಷನ್ನಿನ ಚರಿತ್ರೆಯಲ್ಲಿ ಹೇಳುವ ವಾಡಿಕೆಯಿದೆ. ಪಂಜಾಬದ ಕಡೆಯ ಗೈಡ್ಸ್ ದಳದವರು ಅದಕ್ಕೂ ಮುಂಚೆಯೇ ಮಣ್ಣುಬಣ್ಣದ ಉಡುಪನ್ನು ತೊಟ್ಟಿದ್ದರಾದ್ದರಿಂದ, ಮೊದಲಿಗರು ನಾವೇ ಎಂದು ಹಟಹಿಡಿಯುವದು ಬೇಡ.

ಟ್ಯಾಂಕುಗಳು ಯುದ್ಧಭೂಮಿಗೆ ಮೊದಲು ಬಂದದ್ದು ಫ್ರಾನ್ಸಿನಲ್ಲಿ, 1916ನೆಯ ಸಪ್ಟೆಂಬರ 15ರಂದು. (ಗುಟ್ಟನ್ನು ಕಾಯಲಿಕ್ಕೆ ಅವು ನೀರಿನ ತೊಟ್ಟಿಗಳೆಂದು ಸುದ್ದಿ ಹಬ್ಬಿಸಿದ್ದರಿಂದಲೇ ಅವಕ್ಕೆ ಆ ಹೆಸರು ಬಂತು.) ಸೊಲೊಮನ್ ಎಂಬ ಪ್ರಸಿದ್ಧ ಚಿತ್ರಕಾರರು ಅವುಗಳ ಮೇಲೆ ಹಲವು ಬಣ್ಣಗಳ ಮಚ್ಚೆಗಳನ್ನು ಬಹು ಶ್ರಮದಿಂದ ಬರೆಯಿಸಿದರು. ಯುದ್ಧಭೂಮಿಯ ಕೆಸರು ನಾಲ್ಕು ದಿನಗಳಲ್ಲಿ ಅದೆಲ್ಲವನ್ನೂ ಮುಚ್ಚಿಬಿಡುತ್ತಿತ್ತು. ಮುಂದೆ ಒಂದೇ ಕಂದುಬಣ್ಣವು ಸಾಕಾಯಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಟ್ಯಾಂಕುಗಳು ಮೊದಲು ಗಾಢ ಬೂದಿಬಣ್ಣದವು. 1943ರಿಂದ ಗಾಢ ಹಳದಿಯನ್ನು ಬಳಿದು, ಅದರ ಮೇಲೆ ಹಸಿರನ್ನೂ ಕೆಂಗಂದನ್ನೂ ಹಚ್ಚುತ್ತಿದ್ದರು. ಆದಕಾರಣ ಒಂದೇ ಟ್ಯಾಂಕಿನ ಮಾದರಿಗೆ 1941ರಲ್ಲಿ ಸರಿಯಾದ ಬಣ್ಣವು 1944ಕ್ಕೆ ತಪ್ಪಾಗುವದು. ಡಬ್ಬಿಯನ್ನು ಕೊಳ್ಳುವ ಮುಂಚೆ ‘ಯಾವ ವರ್ಷ? ಯಾವ ನೆಲ?’ ಎಂದು ಕೇಳಿಕೊಳ್ಳಬೇಕು.

ಕಪ್ಪು-ಬಿಳಿ ಛಾಯಾಚಿತ್ರಗಳನ್ನು ನೋಡಿ ಬಣ್ಣವನ್ನು ಗೊತ್ತುಪಡಿಸುವದು ಸಾಧ್ಯವಿಲ್ಲ. ಅವುಗಳಲ್ಲಿ ಹಸಿರೂ ಕಂದೂ ಒಂದೇ ಬೂದಿಯಾಗಿ ತೋರುವವು. ಕಣ್ಣಾರೆ ಕಂಡ ಟ್ಯಾಂಕನ್ನಾದರೂ ನಂಬಬಹುದೋ ಎಂದರೆ, ಅದನ್ನೂ ಪೂರ್ಣ ನಂಬಲಾಗದು. ಅಹಮದನಗರದಲ್ಲಿ (2024ರಿಂದ ಅಹಿಲ್ಯಾನಗರ) 1994ರಲ್ಲಿ ತೆರೆದ ಟ್ಯಾಂಕುಗಳ ಸಂಗ್ರಹಾಲಯವಿದೆ. ಅವಕಾಶವಾದರೆ ಮಕ್ಕಳಿಗೆ ತೋರಿಸಿರಿ. ಅದೇ ಊರಿನ ಕವಚದಳದ ಶಾಲೆಯಲ್ಲಿ, 1971ನೆಯ ಡಿಸೆಂಬರ 16ರಂದು ಬಸಂತರ ಕಾಳಗದಲ್ಲಿ ಇಪ್ಪತ್ತೊಂದನೆಯ ವಯಸ್ಸಿಗೆ ಮಡಿದ ಅರುಣ ಖೇತ್ರಪಾಲರ ಸೆಂಚುರಿಯನ್ ಟ್ಯಾಂಕನ್ನು ದುರಸ್ತಿಮಾಡಿ ಕಾದಿಟ್ಟಿದ್ದಾರೆ. ಅಂದು ಅದಕ್ಕೆ ಬೆಂಕಿ ಹತ್ತಿತ್ತು. ಈಗ ಅದರ ಮೇಲಿರುವದು ಗೌರವದಿಂದ ಆಮೇಲೆ ಬಳಿದ ಬಣ್ಣ. ಊರ ಚೌಕಗಳಲ್ಲಿ ನಿಲ್ಲಿಸಿದ ಟ್ಯಾಂಕುಗಳಿಗಂತೂ ಹಬ್ಬಹಬ್ಬಕ್ಕೆ ಹೊಳಪಿನ ಬಣ್ಣವನ್ನು ಬಳಿಯುತ್ತಾರೆ. ಅವುಗಳಿಂದ ಆಕಾರವನ್ನು ಕಲಿಯಬಹುದು, ಬಣ್ಣವನ್ನಲ್ಲ.

ಇನ್ನು ಮಾದರಿಯ ಚಿಕ್ಕತನದಿಂದಲೇ ಹುಟ್ಟುವ ತೊಡಕೊಂದುಂಟು. ನಮ್ಮ ಹುಡುಗಿಯ ಮಾದರಿಯು ನಿಜವಾದದ್ದರ 35ರಲ್ಲಿ ಒಂದು ಪಾಲು. ತೋಪಿನ ಬಾಯಿಯವರೆಗೆ ಅಳೆದರೆ ಸುಮಾರು 28 ಸೆಂಟಿಮೀಟರ. ಅದನ್ನು ಎರಡು ಅಡಿ ದೂರದಿಂದ ನೋಡುವದೆಂದರೆ ನಿಜವಾದ ಟ್ಯಾಂಕನ್ನು 70 ಅಡಿ ದೂರದಿಂದ ನೋಡಿದಂತೆ. ದೂರವು ಬಣ್ಣವನ್ನು ತಿಳಿಯಾಗಿಯೂ ಮಬ್ಬಾಗಿಯೂ ಮಾಡುವದೆಂಬದಕ್ಕೆ ನಮ್ಮ ಕಪ್ಪತಗುಡ್ಡವೇ ಸಾಕ್ಷಿ: ಹತ್ತಿರ ಹೋದರೆ ಕೆಂಪು ಮಣ್ಣು, ಹಸಿರು ಗಿಡ, ದೂರದಿಂದ ಎಲ್ಲವೂ ನೀಲಿ ಬೂದಿ. ಎಪ್ಪತ್ತು ಅಡಿಗೆ ಅಷ್ಟು ವ್ಯತ್ಯಾಸ ಬಾರದು, ನಿಜ. ಆದರೂ ಬಿಸಿಲಿನಲ್ಲಿ ನಿಂತ ದೊಡ್ಡ ಮೈಯ ಬಣ್ಣವನ್ನು ಕೋಣೆಯೊಳಗಿನ ಸಣ್ಣ ಮೈಗೆ ಹಾಗೆಯೇ ಹಚ್ಚಿದರೆ ಅದು ಕಪ್ಪಡರಿದಂತೆ ಕಾಣುವದು. ಆದ್ದರಿಂದ ಹತ್ತು ಪಾಲು ಬಣ್ಣಕ್ಕೆ ಒಂದು ಪಾಲು ತಿಳಿಬಣ್ಣವನ್ನು ಕೂಡಿಸಬೇಕು. ಹಸಿರಿಗೆ ಬರೀ ಬಿಳಿಯನ್ನು ಹಾಕಬಾರದು. ಅದು ಗೋಡೆಗೆ ಬಳಿಯುವ ತೆಳು ಹಸಿರಾಗಿಬಿಡುವದು. ಮಣ್ಣುಹಳದಿಯನ್ನು ಹಾಕಿದರೆ ಒಪ್ಪುವದು. ಹಳದಿ ಮಣ್ಣುಬಣ್ಣಕ್ಕೆ ಕಪ್ಪನ್ನು ಬೆರಸಿದರೆ ತಾನಾಗಿಯೇ ಒಂದು ಮಂಕು ಹಸಿರು ಹುಟ್ಟುವದೆಂಬದನ್ನು ಚಿತ್ರಕಲೆಯ ತಾಸಿನಲ್ಲಿ ಮಾಡಿ ತೋರಿಸಿರಿ, ಮಕ್ಕಳು ಬೆರಗಾಗುವರು. ಅಮೇರಿಕದ ಸೈನ್ಯದ ಆಲಿವ್ ಬಣ್ಣವನ್ನು ಹೀಗೆಯೇ ಮಾಡುತ್ತಿದ್ದರು. ಹೊಳಪಂತೂ ಸರ್ವಥಾ ಕೂಡದು.

ಧೂಳಿನ ವಿಷಯದಲ್ಲಿ ನಾವು ಇನ್ನೊಂದು ತಪ್ಪು ಮಾಡಿದ್ದೆವು. ಹುಡುಗಿಯರು ಅಡರಕಟ್ಟಿಯ ಹೊಲದ ಎರೆಮಣ್ಣನ್ನು ಜರಡಿಹಿಡಿದು ಗಾಲಿಗಳಿಗೆ ಅಂಟಿಸಿದ್ದರು. ಕೆಲಸವು ಅಚ್ಚುಕಟ್ಟಾಗಿತ್ತು, ಆದರೆ ಆ ಟ್ಯಾಂಕು ನಮ್ಮ ಹೊಲಕ್ಕೆ ಬಂದದ್ದಲ್ಲ. ಪಂಜಾಬದ ಹೊಳೆಗಳು ತಂದು ಹಾಸಿದ ಮಣ್ಣು ತಿಳಿ ಬೂದುಗಂದಿನದು. ಒಣಗಿದರೆ ಹಿಟ್ಟಿನಂತೆ ಹಾರುವದು. ರಾಜಸ್ಥಾನದ ಮರಳು ಹಳದಿ. ಕೆಳಗಿನ ಸರಪಳಿಪಟ್ಟಿಗೆ ಬೆಳ್ಳಿಬಣ್ಣವನ್ನು ಬಳಿದದ್ದೂ ತಪ್ಪೇ. ಎತ್ತಿನ ಬಂಡಿಯ ಗಾಲಿಯ ಹಳಿಯನ್ನು ನೋಡಿರಿ: ನೆಲಕ್ಕೆ ತಗಲುವ ಮೈ ಮಾತ್ರ ಹೊಳೆಯುವದು, ಪಕ್ಕಗಳು ತುಕ್ಕಿನ ಕಂದಾಗಿರುವವು. ಟ್ಯಾಂಕಿನ ಪಟ್ಟಿಯೂ ಹಾಗೆಯೇ.

ಮುಂದಿನ ರವಿವಾರ ಮಧ್ಯಾಹ್ನ ಹುಡುಗಿಯೂ ಅಜ್ಜನವರೂ ನಮ್ಮ ಶಾಲೆಯ ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಉಜ್ಜಿ ಹೊಸದಾಗಿ ಬಳಿದರು. ಬಣ್ಣ ಒಣಗಿದ ಮೇಲೆ ಅವರು ಪೆನ್ಸಿಲಿನ ಸೀಸದ ಪುಡಿಯನ್ನು ಬೆರಳಿನಿಂದ ಎರಡು ಕಡೆ ತಿಕ್ಕಿದರು: ಚಾಲಕನು ಇಳಿಯುವ ಬಾಯಿಯ ಅಂಚಿಗೆ, ಮತ್ತು ಹತ್ತುವಾಗ ಬೂಟು ತಗಲುವ ಮಡಗಾರ್ಡಿನ ತುದಿಗೆ. “ಇಲ್ಲೆ ಬಣ್ಣ ಎಂದೂ ನಿಲ್ತಿರಲಿಲ್ಲವ್ವಾ,” ಎಂದು ಮೊಮ್ಮಗಳಿಗೆ ಹೇಳಿದರು. ಆ ಮಾದರಿಯು ಈಗ ಅವರ ಮನೆಯಲ್ಲಿದೆ.