ಇಳಿದ ತೂಕ ಮರಳಿ ಏರಿದಾಗ

ಫುಟ್‌ಬಾಲ್ ದಂತಕಥೆ ಡಿಯಾಗೊ ಮರಡೋನಾ 2005ರಲ್ಲಿ ಕೊಲಂಬಿಯಾದ ಕಾರ್ತಹೇನಾ ನಗರದಲ್ಲಿ ಜಠರದ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅದೇ ವರ್ಷ ಅರ್ಜೆಂಟೀನಾದ ಟಿ.ವಿ.ಯಲ್ಲಿ ಕಾರ್ಯಕ್ರಮ ನಡೆಸಿಕೊಡಲು ಬಂದಾಗ ಜನ ಕಣ್ಣುಜ್ಜಿಕೊಂಡು ನೋಡಿದರು, ಅಷ್ಟು ಇಳಿದಿದ್ದರು. ಆದರೆ ತೂಕ ಮತ್ತೆ ಏರಿತು. 2015ರಲ್ಲಿ ವೆನೆಜುವೆಲಾದ ಮಾರಕೈಬೊದಲ್ಲಿ ಎರಡನೇ ಸಲ ಆಪರೇಷನ್ ಟೇಬಲ್ ಹತ್ತಬೇಕಾಯಿತು. ಅಮೆರಿಕದ ಗಾಯಕಿ ಕಾರ್ನಿ ವಿಲ್ಸನ್ 1999ರಲ್ಲಿ ತಮ್ಮ ಬೈಪಾಸನ್ನು ಇಂಟರ್ನೆಟ್‌ನಲ್ಲಿ ನೇರಪ್ರಸಾರ ಮಾಡಿಸಿದ್ದರು. 2012ರಲ್ಲಿ ಅವರೂ ಇನ್ನೊಂದು ಶಸ್ತ್ರಚಿಕಿತ್ಸೆಗೆ ಒಳಗಾದರು.

ಹಣಕ್ಕಾಗಲೀ ವೈದ್ಯರಿಗಾಗಲೀ ಕೊರತೆಯಿಲ್ಲದವರ ಪಾಡೇ ಹೀಗಿರುವಾಗ, ಸಾಲಸೋಲ ಮಾಡಿ ಆಪರೇಷನ್ ಮಾಡಿಸಿಕೊಂಡ ನಮ್ಮೂರಿನವರ ತೂಕ ಮೂರನೇ ವರ್ಷಕ್ಕೆ ಆರು ಕಿಲೋ ಏರಿದರೆ ಅದರಲ್ಲಿ ವಿಚಿತ್ರವೇನೂ ಇಲ್ಲ. ಆದರೆ ಮದುವೆ ಮನೆಯಲ್ಲಿ ಕೇಳಿಬರುವ ಮಾತೇ ಬೇರೆ: ‘ಅಷ್ಟು ದುಡ್ಡು ಸುರಿದು ಹೊಟ್ಟೆ ಕುಯ್ಯಿಸ್ಕೊಂಡ್ರೂ ಬಾಯಿ ಕಟ್ಟೋಕಾಗಲಿಲ್ವಾ?’ ಈ ಮಾತಿನ ಹಿಂದಿರುವ ಲೆಕ್ಕವೇ ತಪ್ಪು. ಬೊಜ್ಜು ದೀರ್ಘಕಾಲದ ಕಾಯಿಲೆ. ಶಸ್ತ್ರಚಿಕಿತ್ಸೆ ಅದರ ಪ್ರಬಲ ಚಿಕಿತ್ಸೆಯೇ ಹೊರತು ಕೊನೆಯಲ್ಲ.

ಎಷ್ಟು ಮರಳುವುದು ಸಹಜ?

ಈ ಪ್ರಶ್ನೆಗೆ ಗಟ್ಟಿ ಉತ್ತರ ಕೊಟ್ಟ ಅಧ್ಯಯನಗಳಲ್ಲಿ 1987ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದದ್ದು ಮುಖ್ಯವಾದುದು. ಬೊಜ್ಜಿನ ಶಸ್ತ್ರಚಿಕಿತ್ಸೆ ಆದವರು, ಆಗದವರು ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಅದು ವರ್ಷಗಟ್ಟಲೆ ಹಿಂಬಾಲಿಸಿತು. ಬೈಪಾಸ್ ಆದವರು ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ 32ರಷ್ಟು ತೂಕ ಕಳೆದುಕೊಂಡಿದ್ದರು. ಹತ್ತು ವರ್ಷಗಳ ಬಳಿಕ ಆ ಇಳಿಕೆ ಶೇ 25ಕ್ಕೆ ನಿಂತಿತ್ತು. 120 ಕಿಲೋ ಇದ್ದವರು 82ಕ್ಕೆ ಇಳಿದು, ಹತ್ತನೇ ವರ್ಷಕ್ಕೆ 90ರಲ್ಲಿ ನಿಂತರು ಎಂದು ಲೆಕ್ಕ ಹಾಕಬಹುದು. ಎಂಟು ಕಿಲೋ ಮರಳಿತು ನಿಜ. ಮೂವತ್ತು ಕಿಲೋ ಮರಳಲಿಲ್ಲ ಎಂಬುದೂ ಅಷ್ಟೇ ನಿಜ. ಶಸ್ತ್ರಚಿಕಿತ್ಸೆ ಆಗದವರಿಗೆ ಹೋಲಿಸಿದರೆ ಇವರಲ್ಲಿ ಸಾವಿನ ಪ್ರಮಾಣವೂ ಕಡಿಮೆಯಿತ್ತು.

ಇವು ಸರಾಸರಿಗಳು. ಸರಾಸರಿಯ ಮೇಲೆ ಕೆಳಗೆ ಬಹಳಷ್ಟು ಜನರಿರುತ್ತಾರೆ. ಕಳೆದುಕೊಂಡದ್ದರಲ್ಲಿ ಬಹುಪಾಲು ಮರಳಿ ಪಡೆದವರೂ ಅವರಲ್ಲಿದ್ದಾರೆ. ‘ಇಷ್ಟು ಏರಿದರೆ ವಿಫಲ’ ಎಂಬ ಒಮ್ಮತದ ಗೆರೆಯನ್ನು ವೈದ್ಯಲೋಕ ಇನ್ನೂ ಎಳೆದಿಲ್ಲ. ಹಾಗಾಗಿ ತಕ್ಕಡಿಯ ಅಂಕಿಗಿಂತ ಮುಖ್ಯವಾದ ಪ್ರಶ್ನೆಗಳಿವೆ: ಸಕ್ಕರೆ ಕಾಯಿಲೆ ಮರಳಿತೇ? ರಕ್ತದೊತ್ತಡದ ಮಾತ್ರೆ ಮತ್ತೆ ಶುರುವಾಯಿತೇ? ಮೆಟ್ಟಿಲು ಹತ್ತುವಾಗ ಮಂಡಿ ಮತ್ತೆ ನೋಯುತ್ತಿದೆಯೇ?

ದೇಹಕ್ಕೆ ಹಳೆಯ ತೂಕದ ನೆನಪು

ನಮ್ಮಲ್ಲಿ ಹೆಚ್ಚು ನಡೆಯುವುದು ‘ಸ್ಲೀವ್’ ಆಪರೇಷನ್. ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಕಿರಿದಾದ ಕೊಳವೆಯಷ್ಟನ್ನು ಉಳಿಸುತ್ತಾರೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಎರಡೂ ಊಟದ ಪ್ರಮಾಣವನ್ನು ಕುಗ್ಗಿಸುವುದಷ್ಟೇ ಅಲ್ಲ, ಹಸಿವಿನ ಹಾರ್ಮೋನುಗಳನ್ನೂ ಬದಲಿಸುತ್ತವೆ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಪತ್ತೆ ಹಚ್ಚಿದ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಉತ್ಪತ್ತಿಯಾಗುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಕತ್ತರಿಸಿ ಹೋಗುವುದು ಅದೇ ಭಾಗ. ‘ಮೊದಲ ವರ್ಷ ಹಸಿವೆ ಅನ್ನೋದೇ ಗೊತ್ತಾಗಲಿಲ್ಲ’ ಎಂದು ಅನೇಕರು ಹೇಳುವುದಕ್ಕೆ ಇದೂ ಒಂದು ಕಾರಣ.

ಆದರೆ ತೂಕ ಇಳಿದದ್ದನ್ನು ದೇಹ ಬರಗಾಲವೆಂದೇ ತಿಳಿಯುತ್ತದೆ. ಕೊಬ್ಬು ಕರಗಿದಷ್ಟೂ ‘ಸಾಕು’ ಎಂದು ಮಿದುಳಿಗೆ ಹೇಳುವ ಲೆಪ್ಟಿನ್ ಕುಸಿಯುತ್ತದೆ. ಕೊಬ್ಬಿನ ಜೊತೆ ಸ್ನಾಯುವೂ ಕರಗಿ, ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿ ತಗ್ಗುತ್ತದೆ. ‘ದಿ ಬಿಗ್ಗೆಸ್ಟ್ ಲೂಸರ್’ ಎಂಬ ಅಮೆರಿಕದ ಟಿ.ವಿ. ಸ್ಪರ್ಧೆಯಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ತೂಕ ಇಳಿಸಿಕೊಂಡ 14 ಜನರನ್ನು ಆರು ವರ್ಷಗಳ ನಂತರ ವಿಜ್ಞಾನಿ ಕೆವಿನ್ ಹಾಲ್ ತಂಡ ಪರೀಕ್ಷಿಸಿತು. ಅವರ ದೇಹ ವಿಶ್ರಾಂತಿಯಲ್ಲಿ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. 2016ರಲ್ಲಿ ಪ್ರಕಟವಾದ ಈ ಫಲಿತಾಂಶ, ‘ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಆಗುತ್ತೆ’ ಎನ್ನುವವರು ಓದಲೇಬೇಕಾದದ್ದು. ಶಸ್ತ್ರಚಿಕಿತ್ಸೆ ಈ ಎಳೆತವನ್ನು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ.

ಚಿಕ್ಕ ಹೊಟ್ಟೆಯಿಂದ ಜಾರಿ ಹೋಗುವ ತಿಂಡಿ

ಆಪರೇಷನ್ ಆದವರಿಗೆ ಗಟ್ಟಿ ಊಟ ಸ್ವಲ್ಪಕ್ಕೇ ಹೊಟ್ಟೆ ತುಂಬಿಸುತ್ತದೆ. ಬಾಯಲ್ಲೇ ಕರಗುವ, ಕುಡಿದರೆ ಇಳಿಯುವ ಆಹಾರಕ್ಕೆ ಆ ತಡೆಯಿಲ್ಲ. ಎರಡು ಚಪಾತಿ ತಿನ್ನಲಾಗದವರು ಸಕ್ಕರೆ ಹಾಕಿದ ಕಾಫಿ ದಿನಕ್ಕೆ ನಾಲ್ಕು ಸಲ ಕುಡಿಯಬಲ್ಲರು. ಪಾಯಸ, ಐಸ್‌ಕ್ರೀಮ್, ಹಣ್ಣಿನ ರಸ, ಚಿಪ್ಸ್, ಖಾರಾ ಮಿಕ್ಸ್‌ಚರ್ ಎಲ್ಲವೂ ಸಲೀಸಾಗಿ ಒಳಗಿಳಿಯುತ್ತವೆ. ಊಟ ಕಡಿಮೆ, ಕೈಯಾಡಿಸುವುದು ಜಾಸ್ತಿ. ಕ್ಯಾಲೊರಿ ಮರಳುವ ದಾರಿ ಇದೇ. ಮದ್ಯ ಇನ್ನೂ ಅಪಾಯಕಾರಿ: ಬೈಪಾಸ್ ನಂತರ ಅದು ಬೇಗ ರಕ್ತ ಸೇರುತ್ತದೆ, ಚಟವಾಗುವ ಸಾಧ್ಯತೆಯೂ ಹೆಚ್ಚು.

ನಮ್ಮ ಊಟದ ಇನ್ನೊಂದು ಕಷ್ಟ ಪ್ರೋಟೀನಿನದು. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕೆಂದು ವೈದ್ಯರು ಹೇಳುತ್ತಾರೆ. ಎರಡು ಮೊಟ್ಟೆಯಿಂದ ಸಿಗುವುದು ಸುಮಾರು 12 ಗ್ರಾಂ. ಅನ್ನ, ತಿಳಿಸಾರು, ಹಪ್ಪಳದ ತಟ್ಟೆಯಲ್ಲಿ ಆ ಲೆಕ್ಕ ಕೂಡುವುದು ಕಷ್ಟ. ಹಾಗೆಂದು ಊಟವನ್ನೇ ಬದಲಿಸಬೇಕಿಲ್ಲ, ಕ್ರಮ ಬದಲಿಸಿದರೂ ಆದೀತು: ಬಸ್ಸಾರಿನ ಕಾಳು–ಸೊಪ್ಪಿನ ಪಲ್ಯ ಮೊದಲು, ಮುದ್ದೆ ಆಮೇಲೆ, ಅದೂ ಚಿಕ್ಕದು. ಮುದ್ದೆ ನುಂಗಿ ಬೆಳೆದವರು ಪ್ರತಿ ತುತ್ತನ್ನೂ ಅಗಿದು ತಿನ್ನುವುದನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ನಾಚಿಕೆಗೆ ತೆರುವ ಬೆಲೆ

ತೂಕ ಏರತೊಡಗಿದಾಗ ಹೋಗಬೇಕಾದ ಜಾಗ ಆಸ್ಪತ್ರೆ. ಆದರೆ ಹಲವರು ದೂರವಾಗುವುದು ಆಗಲೇ. ‘ಡಾಕ್ಟ್ರಿಗೆ ಯಾವ ಮುಖ ತೋರಿಸ್ಲಿ’ ಎಂಬ ಸಂಕೋಚ. ಬಿ.ಪಿ. ಮಾತ್ರೆ ಬಿಟ್ಟಾಗ ಒತ್ತಡ ಏರಿದವರನ್ನು ಯಾರೂ ಸೋತವರೆನ್ನುವುದಿಲ್ಲ. ಮಾತ್ರೆ ಸರಿಮಾಡಿ ಕಳಿಸುತ್ತಾರೆ. ತೂಕದ ವಿಷಯಕ್ಕೆ ಮಾತ್ರ ನಾವು ನ್ಯಾಯಾಧೀಶರಾಗಿಬಿಡುತ್ತೇವೆ.

ತಪಾಸಣೆ ತಪ್ಪಿದರೆ ಬಿ12, ಕಬ್ಬಿಣ, ಡಿ ವಿಟಮಿನ್ ಕೊರತೆಯೂ ಗೊತ್ತಾಗದೆ ಬೆಳೆಯುತ್ತದೆ. ತೂಕ ಏರಲು ಊಟವೇ ಕಾರಣವಾಗಿರಬೇಕೆಂದೂ ಇಲ್ಲ. ಥೈರಾಯ್ಡ್ ಕುಂಠಿತವಾಗಿರಬಹುದು. ಇನ್ಸುಲಿನ್, ಸ್ಟೆರಾಯ್ಡ್, ಕೆಲವು ಮನೋರೋಗದ ಮಾತ್ರೆಗಳು ತೂಕ ಏರಿಸುತ್ತವೆ. ಬೈಪಾಸ್‌ನ ಜೋಡಣೆ ಅಗಲವಾಗಿರಬಹುದು, ಸ್ಲೀವ್ ಹಿಗ್ಗಿರಬಹುದು. ಖಿನ್ನತೆ, ನಿದ್ದೆಗೇಡು, ಮುಟ್ಟು ನಿಲ್ಲುವ ಕಾಲ ಇವೂ ಪಟ್ಟಿಯಲ್ಲಿವೆ. ಇವುಗಳಲ್ಲಿ ಯಾವುದನ್ನೂ ಮನೆಯಲ್ಲಿ ಕೂತು ಉಪವಾಸ ಮಾಡಿ ಕಂಡುಹಿಡಿಯಲಾಗದು.

ಮುಂದಿನ ದಾರಿ

ಮೊದಲ ಹೆಜ್ಜೆ ಡಯಟಿಷಿಯನ್ ಜೊತೆ ಕೂತು ತಿಂಡಿಯ ಲೆಕ್ಕ ಬರೆಯುವುದು, ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ಅಗತ್ಯವಿದ್ದರೆ ಆಪ್ತಸಮಾಲೋಚನೆ. ಎರಡನೆಯದು ಔಷಧ. ಆಪರೇಷನ್‌ನಿಂದ ಸಾಕಷ್ಟು ಇಳಿಯದವರ ಮೇಲೆ ಬ್ರಿಟನ್ನಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಲಿರಾಗ್ಲುಟೈಡ್ ಚುಚ್ಚುಮದ್ದು ಪಡೆದವರು 24 ವಾರಗಳಲ್ಲಿ ಸರಾಸರಿ ಶೇ 8.8ರಷ್ಟು ಇಳಿದರು, ಹುಸಿಮದ್ದು ಪಡೆದವರು ಶೇ 1ರಷ್ಟೂ ಇಳಿಯಲಿಲ್ಲ. ಅದೇ ಬಗೆಯ ಇನ್ನೂ ಪ್ರಬಲ ಔಷಧಗಳಾದ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು ತೂಕ ಇಳಿಸಲೆಂದೇ 2025ರಿಂದ ಭಾರತದಲ್ಲೂ ಸಿಗುತ್ತಿವೆ. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡರಷ್ಟು ಮರಳಿದ್ದೂ ದಾಖಲಾಗಿದೆ. ಕಾಯಿಲೆ ದೀರ್ಘಕಾಲದ್ದೆಂಬುದಕ್ಕೆ ಇದು ಇನ್ನೊಂದು ಸಾಕ್ಷಿ. ಮರು ಶಸ್ತ್ರಚಿಕಿತ್ಸೆ ಕೊನೆಯ ಆಯ್ಕೆ. ಮೊದಲ ಸಲಕ್ಕಿಂತ ಅಪಾಯ ಹೆಚ್ಚು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ–5ರ ಪ್ರಕಾರ ಕರ್ನಾಟಕದ ವಯಸ್ಕ ಮಹಿಳೆಯರಲ್ಲೂ ಪುರುಷರಲ್ಲೂ ಶೇ 30ರ ಆಸುಪಾಸಿನಷ್ಟು ಜನ ಅಧಿಕ ತೂಕದವರು. ಆಪರೇಷನ್ ಯೋಚಿಸುವವರ ಸಂಖ್ಯೆ ಏರುವುದು ಖಚಿತ. ಬಿಎಂಐ 40 ದಾಟಿದ್ದರೆ, ಅಥವಾ 35 ದಾಟಿ ಗಂಭೀರ ಕಾಯಿಲೆಗಳಿದ್ದರೆ ವಿಮೆಯ ನೆರವು ಸಿಗುವ ದಾರಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಗಳು ತೆರೆದಿವೆ. ಆದರೆ ನಂತರದ ವರ್ಷಗಳ ರಕ್ತಪರೀಕ್ಷೆ, ವಿಟಮಿನ್, ಡಯಟಿಷಿಯನ್ ಖರ್ಚು ಬಹುಮಟ್ಟಿಗೆ ಕೈಯಿಂದಲೇ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಎಲ್ಲರೂ ‘ಎಷ್ಟು ಕಿಲೋ ಇಳಿಯುತ್ತೆ ಡಾಕ್ಟ್ರೇ?’ ಎಂದು ಕೇಳುತ್ತಾರೆ. ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕು: ‘ಐದನೇ ವರ್ಷದಲ್ಲಿ ನನ್ನನ್ನು ನೋಡಿಕೊಳ್ಳೋರು ಯಾರು?’ ಇದಕ್ಕೆ ಉತ್ತರವಿಲ್ಲದ ಆಸ್ಪತ್ರೆಯಲ್ಲಿ ಸಹಿಗೆ ಅವಸರ ಬೇಡ.