ಈರುಳ್ಳಿಗೆ ಎಂಬತ್ತು, ಜೇಬಿನಲ್ಲಿ ಇನ್ನೂರು

ಚೆನ್ನೈಗೆ ಬಂದು ಒಂಬತ್ತು ವರ್ಷವಾಯಿತು. ಕೆಲಸ ಸರಕು ಸಾಗಣೆ ಕಂಪನಿಯಲ್ಲಿ. ಅಂಡಮಾನ್‌ಗೆ ಹೋಗುವ ಈರುಳ್ಳಿ, ಸಿಮೆಂಟು, ಬಿಸ್ಕತ್ತಿನ ಕಾಗದಪತ್ರ ದಿನಾ ನನ್ನ ಮೇಜಿನ ಮೇಲೇ ಹಾದುಹೋಗುತ್ತವೆ. ಆದರೂ ಕಳೆದ ಜೂನ್‌ನಲ್ಲಿ, ವಿಮಾನದ ಟಿಕೆಟ್ ಅಗ್ಗವೆಂದು ಅಮ್ಮನನ್ನು ಕರೆದುಕೊಂಡು ಹ್ಯಾವ್‌ಲಾಕ್‌ಗೆ ಹೊರಟಾಗ ಜೇಬಿನಲ್ಲಿಟ್ಟುಕೊಂಡದ್ದು ಎರಡು ಸಾವಿರ ಮಾತ್ರ. ಮಿಕ್ಕಿದ್ದಕ್ಕೆ ಫೋನ್ ಇದೆಯಲ್ಲ! 2020ರಲ್ಲಿ ಚೆನ್ನೈಯಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಅಲ್ಲೂ ಯುಪಿಐ ನಡೆಯುತ್ತದೆ.

ನಡೆಯುತ್ತದೆ, ನೆಟ್‌ವರ್ಕ್ ಇರುವಾಗ. ಮೂರನೇ ದಿನ ಗಾಳಿಮಳೆಗೆ ದೋಣಿಗಳು ರದ್ದಾದವು, ಸಿಗ್ನಲ್ಲೂ ಹೋಯಿತು. ಎಟಿಎಂಗೆ ಓಡಿದರೆ ಅದರಲ್ಲಿ ಹಣವಿಲ್ಲ. ಕೈಯಲ್ಲಿ ಉಳಿದದ್ದು ಇನ್ನೂರು ರೂಪಾಯಿ, ಕೊಡಬೇಕಾದದ್ದು ಇನ್ನೊಂದು ರಾತ್ರಿಯ ಬಾಡಿಗೆ.

ಅಮ್ಮ ಮೀನು ಮುಟ್ಟುವವರಲ್ಲ. ಹೋಂಸ್ಟೇಯವರು ಅಡುಗೆಮನೆ ಬಿಟ್ಟುಕೊಟ್ಟಿದ್ದರು. ಮೂರನೇ ನಂಬರಿನ ಬಜಾರಿಗೆ (ಅಲ್ಲಿ ಊರುಗಳನ್ನು ನಂಬರಿನಿಂದಲೇ ಕರೆಯುತ್ತಾರೆ) ಹೋದರೆ ಈರುಳ್ಳಿ ಕಿಲೋಗೆ ಎಂಬತ್ತು.

‘ಹಗಲು ದರೋಡೆ ಕಣೋ, ನಮ್ಮೂರಲ್ಲಿ ಮೂವತ್ತು’ ಎಂದು ಅಮ್ಮ ಕನ್ನಡದಲ್ಲೇ ಚೌಕಾಸಿಗಿಳಿದರು. ನಾನೂ ಹಿಂದಿಯಲ್ಲಿ ದನಿ ಸೇರಿಸಿದೆ. ಬಂಗಾಳಿ ಅಂಗಡಿಯಾತ ರೇಗಲಿಲ್ಲ. ಮೂಟೆಯ ತಳದಿಂದ ಕೊಳೆತ ನಾಲ್ಕು ಗಡ್ಡೆ ತೆಗೆದು ತೋರಿಸಿ, ‘ಇದೂ ನನ್ನ ಲೆಕ್ಕಕ್ಕೇ ಸಾರ್’ ಎಂದ.

ನಾಚಿಕೆಯಾಯಿತು. ಆ ಲೆಕ್ಕ ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಚೆನ್ನೈಯಿಂದ ಪೋರ್ಟ್ ಬ್ಲೇರ್‌ಗೆ, ಅಂದರೆ ಈಗಿನ ಶ್ರೀ ವಿಜಯಪುರಕ್ಕೆ, ಹಡಗಿನಲ್ಲಿ ಮೂರು ದಿನ. ಅಲ್ಲಿ ಇಳಿಸಿ, ಲಾರಿಗೇರಿಸಿ, ಮತ್ತೆ ಸಣ್ಣ ದೋಣಿಗೆ. ಪ್ರತಿ ಸಲ ಹಮಾಲಿ, ಪ್ರತಿ ಸಲ ಒಂದಿಷ್ಟು ಕೊಳೆತ. ದೋಣಿ ನಿಂತರೆ ಇದ್ದ ಮೂಟೆಯಲ್ಲೇ ಊರು ನಡೆಯಬೇಕು.

ಒಟ್ಟು ಮುನ್ನೂರ ಹತ್ತು ರೂಪಾಯಿ ಆಯಿತು. ಅಮ್ಮ ಅರ್ಧ ಸಾಮಾನು ವಾಪಸ್ ಇಡತೊಡಗಿದರು. ಆತ ಅದನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿ, ನಂಬರ್ ಬರೆದ ಚೀಟಿ ಕೊಟ್ಟ: ‘ಸಿಗ್ನಲ್ ಬಂದಾಗ ಹಾಕಿ.’ ಇನ್ನೂರನ್ನೂ ತೆಗೆದುಕೊಳ್ಳಲಿಲ್ಲ, ನಾಳೆ ಜೆಟ್ಟಿಗೆ ಆಟೋ ಬೇಕಲ್ಲ ಎಂದ. ಹೋಂಸ್ಟೇಯವರೂ ಬಾಡಿಗೆಗೆ ಕಾಯಲು ಒಪ್ಪಿದರು.

ನೀವು ಹೋಗುವುದಾದರೆ ನಗದನ್ನು ಪೋರ್ಟ್ ಬ್ಲೇರ್‌ನಲ್ಲೇ ತೆಗೆದುಕೊಳ್ಳಿ, ನೂರರ ನೋಟುಗಳಲ್ಲಿ. ಒಂದು ದಿನ ಹೆಚ್ಚುವರಿ ಉಳಿಯುವಷ್ಟಿರಲಿ. ಚಿಪ್ಪಿನ ಸಾಮಾನು ಬೇಕಿದ್ದರೆ ಸರ್ಕಾರಿ ಮಳಿಗೆ ಸಾಗರಿಕಾದಲ್ಲಿ ಕೊಂಡು ಬಿಲ್ ಜೋಪಾನ ಮಾಡಿ. ದಡದಲ್ಲಿ ಆಯ್ದ ಹವಳ, ಚಿಪ್ಪು ತರುವಂತಿಲ್ಲ. ಅಮ್ಮನ ಪರ್ಸಿನಲ್ಲಿದ್ದ ಎರಡನ್ನು ಹೊರಡುವ ಮುಂಚೆ ಮರಳಿಗೇ ಹಾಕಿಸಿದೆ. ಇವತ್ತಿಗೂ ಅದಕ್ಕೆ ಬೈಸಿಕೊಳ್ಳುತ್ತೇನೆ.

ಮರುದಿನ ಪೋರ್ಟ್ ಬ್ಲೇರ್ ಜೆಟ್ಟಿಯಲ್ಲಿ ಇಳಿದ ತಕ್ಷಣ ಇಬ್ಬರಿಗೂ ಹಣ ಕಳಿಸಿದೆ. ಊರು ತಲುಪಿದ ಅಮ್ಮ ಫೋನ್ ಮಾಡಿ ಮೊದಲು ಕೇಳಿದ್ದೂ ಅದನ್ನೇ: ‘ಆ ಈರುಳ್ಳಿಯವನಿಗೆ ದುಡ್ಡು ಸೇರಿತೇನೋ?’